ಬಚ್ಚಲಿಲ್ಲದ ಅರಮನೆ: ಲಂಡನ್ನಿನ ಒಂದು ವಿಕ್ಟೋರಿಯನ್ ಹೋಟೆಲು ಅಪಾರ್ಟ್‌ಮೆಂಟಾದ ಬಗೆ

ವಿಕ್ಟೋರಿಯಾ ರಾಣಿಯ ಕಾಲದ ಕಟ್ಟಡಗಳು ಅಪಾರ್ಟ್‌ಮೆಂಟುಗಳಾದ ಚರಿತ್ರೆಯನ್ನು ಸಾಮಾನ್ಯವಾಗಿ ಸಂರಕ್ಷಣಾ ಚಳವಳಿಯ ಗೆಲುವೆಂದು ಬರೆಯುವುದು ರೂಢಿ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ರೈಲು ನಿಲ್ದಾಣಕ್ಕೆ ಸೇರಿದ ಮಿಡ್‌ಲ್ಯಾಂಡ್ ಗ್ರ್ಯಾಂಡ್ ಹೋಟೆಲಿನ ಮಟ್ಟಿಗೆ ಈ ವಿವರಣೆ ಸಾಲದು. ಕಟ್ಟಡವನ್ನು ಉಳಿಸಿದ್ದು ಚಳವಳಿಯೇ. ಆದರೆ ಅದರ ಮರುಬಳಕೆಯ ಸ್ವರೂಪ ಅರ್ಥವಾಗಬೇಕಾದರೆ ಬಚ್ಚಲುಮನೆಯನ್ನು ಗಮನಿಸಬೇಕು ಎಂಬುದು ಈ ಲೇಖನದ ವಾದ.

ನಿರ್ಮಾಣ ಮತ್ತು ನೆಲ

ಮಿಡ್‌ಲ್ಯಾಂಡ್ ರೈಲ್ವೆ ಕಂಪನಿಯ ವಿನ್ಯಾಸ ಸ್ಪರ್ಧೆಯಲ್ಲಿ ಗೆದ್ದ ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಗಾಥಿಕ್ ಶೈಲಿಯಲ್ಲಿ ರೂಪಿಸಿದ ಈ ಹೋಟೆಲು 1873ರ ಮೇ 5ರಂದು ಆರಂಭವಾಯಿತು. ಕಾಮಗಾರಿ ಪೂರ್ತಿ ಮುಗಿದದ್ದು 1876ರಲ್ಲಿ. ನಾಟಿಂಗ್‌ಹ್ಯಾಮಿನ ಕೆಂಪು ಇಟ್ಟಿಗೆ, ನೀರಿನ ಒತ್ತಡದಿಂದ ಏರಿಳಿಯುವ ಲಿಫ್ಟು, ಬೆಂಕಿ ತಡೆಯುವ ದಪ್ಪ ಕಾಂಕ್ರೀಟ್ ನೆಲ, ಹೀಗೆ ಆ ಕಾಲದ ಹೊಸತೆಲ್ಲ ಅಲ್ಲಿತ್ತು. ಸುಮಾರು 300 ಕೋಣೆಗಳಿಗೆ ಬಚ್ಚಲುಮನೆಗಳು ಮಾತ್ರ ಬೆರಳೆಣಿಕೆಯಷ್ಟು. ಸ್ನಾನದ ತೊಟ್ಟಿ, ಬೋಗುಣಿ, ಪೀಕದಾನಿ, ಮೂತ್ರಪಾತ್ರೆಗಳನ್ನು ಆಳುಗಳ ಪಡೆಯೇ ಹೊರಬೇಕಿತ್ತು. ಕೋಣೆಗೊಂದು ಬಚ್ಚಲು ಬೇಕೆನ್ನುವ ಕಾಲ ಬಂದಾಗ, ಕೊಳವೆ ಎಳೆಯಲು ಆ ದಪ್ಪ ನೆಲವೇ ಅಡ್ಡಿಯಾಯಿತು. ಆಳುಕಾಳುಗಳ ಖರ್ಚು ತಾಳಲಾರದೆ 1935ರಲ್ಲಿ ಹೋಟೆಲು ಮುಚ್ಚಿತು.

ಕಚೇರಿಯ ದಶಕಗಳು

ಆ ಬಳಿಕ ಅದು ರೈಲ್ವೆ ಕಚೇರಿಯಾಯಿತು. ಸಮೀಪದ ಯೂಸ್ಟನ್ ನಿಲ್ದಾಣದ ಕಮಾನು 1960ರ ದಶಕದ ಆರಂಭದಲ್ಲಿ ನೆಲಸಮವಾದಾಗ, ಮುಂದಿನ ಸರದಿ ಯಾವುದೆಂಬ ಆತಂಕ ಹುಟ್ಟಿತು. 1958ರಲ್ಲಿ ಸ್ಥಾಪನೆಯಾಗಿದ್ದ ಸಂರಕ್ಷಣಾ ಸಂಘವಾದ ವಿಕ್ಟೋರಿಯನ್ ಸೊಸೈಟಿಯೂ ಕವಿ ಜಾನ್ ಬೆಜಮನ್‌ನೂ ಸೇಂಟ್ ಪ್ಯಾಂಕ್ರಾಸ್ ಪರ ನಿಂತರು. 1967ರಲ್ಲಿ ಕಟ್ಟಡಕ್ಕೆ ಮೊದಲ ದರ್ಜೆಯ ರಕ್ಷಣೆ ದೊರೆಯಿತು. ಈ ದರ್ಜೆ ಕೆಡವುವುದನ್ನು ತಡೆಯಿತೇ ಹೊರತು ಬಾಳಿಕೆಗೆ ದಾರಿ ತೋರಲಿಲ್ಲ. 1980ರ ದಶಕದಲ್ಲಿ ಅಗ್ನಿ ಸುರಕ್ಷತೆಯ ನಿಯಮಗಳಿಗೆ ಹೊಂದದೆ ಕಚೇರಿಗಳೂ ತೆರವಾದವು. ಬೆಂಕಿಯನ್ನು ನೆನೆದು ಕಟ್ಟಿದ ನೆಲಗಳ ಕಟ್ಟಡ ಬೆಂಕಿಯ ಕಾನೂನಿನಿಂದಲೇ ಖಾಲಿಯಾಯಿತು.

ಮರುಬಳಕೆ

ಯುರೋಪ್ ಖಂಡಕ್ಕೆ ಓಡುವ ಯೂರೋಸ್ಟಾರ್ ರೈಲುಗಳು 2007ರಲ್ಲಿ ಈ ನಿಲ್ದಾಣಕ್ಕೆ ಬಂದ ಮೇಲೆ ಜಾಗದ ಬೆಲೆಯೇ ಬದಲಾಯಿತು. ಮ್ಯಾನ್‌ಹಟನ್ ಲಾಫ್ಟ್ ಕಾರ್ಪೊರೇಷನ್ ಜೀರ್ಣೋದ್ಧಾರ ಮಾಡಿದ ಕಟ್ಟಡ 2011ರಲ್ಲಿ ಹೋಟೆಲೂ ಅಪಾರ್ಟ್‌ಮೆಂಟೂ ಆಗಿ ತೆರೆಯಿತು. ಅದರ ಹಂಚಿಕೆಯನ್ನು ನೋಡಿ: ಸ್ಕಾಟನ ಮೂಲ ಕಟ್ಟಡದಲ್ಲಿ ಹೋಟೆಲಿಗೆ ಉಳಿದದ್ದು 38 ಕೋಣೆಗಳು, ಮೇಲಿನ ಭಾಗ 67 ಅಪಾರ್ಟ್‌ಮೆಂಟುಗಳಾಯಿತು. ಹೋಟೆಲಿನ ಉಳಿದ ಸುಮಾರು 200 ಕೋಣೆಗಳು ಹೊಸದಾಗಿ ಕಟ್ಟಿದ ಪಶ್ಚಿಮದ ರೆಕ್ಕೆಗೆ ಹೋದವು.

ಈ ಹಂಚಿಕೆಯಲ್ಲಿ ಒಂದು ತರ್ಕ ಕಾಣುತ್ತದೆ. ಹೋಟೆಲಿಗೆ ಕೋಣೆಗೊಂದು ಬಚ್ಚಲು ಬೇಕು; ಅಪಾರ್ಟ್‌ಮೆಂಟಿನಲ್ಲಿ ನಾಲ್ಕಾರು ಕೋಣೆಗಳಿಗೆ ಒಂದೆರಡು ಸಾಕು. ಕೊಳವೆ ಕಡಿಮೆಯಾದಷ್ಟೂ ಹಳೆಯ ನೆಲವನ್ನು ಕೊರೆಯುವುದು ಕಡಿಮೆ. ಮೂಲ ಕಟ್ಟಡದ ಬಹುಭಾಗಕ್ಕೆ ಮನೆಯ ಬಳಕೆ ಹೊಂದಿದ್ದಕ್ಕೆ ಇದೂ ಒಂದು ಕಾರಣವೆಂದು ತೋರುತ್ತದೆ. ಆದ್ದರಿಂದ ಇಂಥ ಪರಿವರ್ತನೆಗಳ ಅಧ್ಯಯನ ಮುಂಭಾಗದ ಅಲಂಕಾರಕ್ಕೆ ನಿಲ್ಲದೆ, ನೆಲ, ಕೊಳವೆ, ದುಡಿಯುವ ಕೈಗಳ ಲೆಕ್ಕವನ್ನೂ ಒಳಗೊಳ್ಳಬೇಕು.