ಕಾಲ ಹಿಂದಕ್ಕೆ ಸರಿದರೆ: ಕರ್ನಲ್‌ನಲ್ಲಿ ಸೈಕಲ್ ಕೌಂಟರ್ ಮತ್ತು ಸ್ಟ್ಯಾಟಿಕ್ ವೇರಿಯಬಲ್

ಪ್ರೊಸೆಸರ್‌ನ ಗಡಿಯಾರ ಮಿಡಿದಂತೆಲ್ಲ ಏರುತ್ತಾ ಹೋಗುವ ಎಣಿಕೆಯ ರಿಜಿಸ್ಟರಿಗೆ ಸೈಕಲ್ ಕೌಂಟರ್ ಎಂದು ಹೆಸರು. ಇಂಟೆಲ್ ಸಂಸ್ಥೆ 1993ರಲ್ಲಿ ಹೊರತಂದ ಪೆಂಟಿಯಂನಲ್ಲಿ ಇದು ಟೈಮ್ ಸ್ಟ್ಯಾಂಪ್ ಕೌಂಟರ್, ಅಂದರೆ ಟಿಎಸ್‌ಸಿ, ಎಂಬ ಹೆಸರಿನಲ್ಲಿ ಬಂದಿತು. ಅದರ ಅಗಲ 64 ಬಿಟ್. ಆರ್‌ಡಿಟಿಎಸ್‌ಸಿ ಎಂಬ ಒಂದೇ ಆದೇಶದಿಂದ ಅದನ್ನು ಓದಬಹುದು. 3 ಗಿಗಾಹರ್ಟ್ಸ್ ವೇಗದಲ್ಲಿ ಎಣಿಸಿದರೂ ಅದು ತುಂಬಿ ಸೊನ್ನೆಗೆ ಮರಳಲು ಸುಮಾರು 195 ವರ್ಷ ಬೇಕು. ಕೆಳಗಿನ 32 ಬಿಟ್‌ಗಳನ್ನಷ್ಟೇ ಉಳಿಸಿಕೊಂಡರೆ ಒಂದೂವರೆ ಸೆಕೆಂಡಿನೊಳಗೇ ಎಣಿಕೆ ಮರಳಿ ಸೊನ್ನೆಗೆ ಬರುತ್ತದೆ.

ಲಿನಕ್ಸ್ ಕರ್ನಲ್‌ನಲ್ಲಿ ಈ ಓದುವಿಕೆ ಗೆಟ್_ಸೈಕಲ್ಸ್ ಎಂಬ ಪುಟ್ಟ ಫಂಕ್ಷನ್‌ನ ಕೆಲಸ. ಅದು ಹೆಡರ್ ಕಡತದಲ್ಲಿ ಸ್ಟ್ಯಾಟಿಕ್ ಇನ್‌ಲೈನ್ ಆಗಿರುತ್ತದೆ. ಫಂಕ್ಷನ್ ಕರೆಯುವ ವೆಚ್ಚವೇ ಅಳತೆಯೊಳಗೆ ಸೇರಬಾರದಲ್ಲ!

ತೊಡಕಿರುವುದು ಇಲ್ಲಿಯೇ. ಇಂತಹ ಹೆಡರ್ ಫಂಕ್ಷನ್‌ನೊಳಗೆ ಪ್ರೋಗ್ರಾಮರ್ ಒಂದು ಸ್ಟ್ಯಾಟಿಕ್ ವೇರಿಯಬಲ್ ಇರಿಸಿ, ಹಿಂದಿನ ಎಣಿಕೆಯನ್ನು ಅದರಲ್ಲಿ ಕಾಪಾಡಿದನೆನ್ನಿ. ಹೊಸ ಎಣಿಕೆ ಹಳೆಯದಕ್ಕಿಂತ ಚಿಕ್ಕದಾದರೆ ಎಚ್ಚರಿಸುವುದು ಅವನ ಉದ್ದೇಶ. ಓದುವಾಗ ಆ ವೇರಿಯಬಲ್ ಒಂದೇ ಎನಿಸುತ್ತದೆ. ಆದರೆ ಸಿ ಭಾಷೆಯಲ್ಲಿ, ಆ ಫಂಕ್ಷನ್ನನ್ನು ಬಳಸುವ ಪ್ರತಿಯೊಂದು ಮೂಲ ಕಡತಕ್ಕೂ ಅದರ ಬೇರೆ ಪ್ರತಿ ಹುಟ್ಟುತ್ತದೆ. ಹತ್ತು ಕಡತಗಳಿದ್ದರೆ ಹತ್ತು 'ಹಿಂದಿನ ಎಣಿಕೆ'ಗಳು. ಒಂದಕ್ಕೆ ಇನ್ನೊಂದರ ಅರಿವಿಲ್ಲ. ಕಂಪೈಲರ್ ಚಕಾರವೆತ್ತುವುದಿಲ್ಲ. ಸಿ++ನಲ್ಲಿ, ಸ್ಟ್ಯಾಟಿಕ್ ಅಲ್ಲದ ಇನ್‌ಲೈನ್ ಫಂಕ್ಷನ್ ಆದರೆ, ಇಡೀ ಪ್ರೋಗ್ರಾಮಿಗೆ ಒಂದೇ ಪ್ರತಿ ಇರುತ್ತದೆ. ಅಲ್ಲಿಂದ ಬಂದವರು ಮೋಸಹೋಗುವುದು ಸಹಜ.

ಎಣಿಕೆ ಹಿಂದಕ್ಕೆ ಸರಿಯುವುದುಂಟೇ? ಉಂಟು. ಪ್ರತಿ ಕೋರ್‌ಗೂ ಅದರದೇ ಕೌಂಟರ್. 2005ರ ಎಎಂಡಿ ಅಥ್ಲಾನ್ 64 ಎಕ್ಸ್2 ಪ್ರೊಸೆಸರ್‌ಗಳಲ್ಲಿ ಎರಡು ಕೋರ್‌ಗಳ ಎಣಿಕೆ ಒಂದರಿಂದೊಂದು ದೂರವಾಗುತ್ತಿತ್ತು. ವಿದ್ಯುತ್ ಉಳಿಸಲು ವೇಗ ತಗ್ಗಿದಾಗ ಎಣಿಕೆಯೂ ನಿಧಾನವಾಗುತ್ತಿದ್ದ ಚಿಪ್‌ಗಳಿದ್ದವು. ಈಚಿನ ಪ್ರೊಸೆಸರ್‌ಗಳಲ್ಲಿ ಟಿಎಸ್‌ಸಿ ಸ್ಥಿರ ವೇಗದಲ್ಲಿ ನಡೆಯುತ್ತದೆ. ಆದರೂ ಕೋರ್‌ಗಳು ಒಟ್ಟಿಗೇ ಹೆಜ್ಜೆ ಹಾಕುತ್ತಿವೆಯೆಂದು ಕರ್ನಲ್ ಕುರುಡಾಗಿ ನಂಬುವುದಿಲ್ಲ. ಇನ್ನೂ ಒಂದು ಮಾತು: ಪ್ರೊಸೆಸರ್ ಆದೇಶಗಳನ್ನು ಹಿಂದುಮುಂದಾಗಿ ನಡೆಸಬಲ್ಲದು. ಆದಕಾರಣ ನಿಖರತೆ ಬೇಕಾದೆಡೆ ಓದುವಿಕೆಯ ಮುಂದೆ ಎಲ್‌ಫೆನ್ಸ್‌ನಂತಹ ತಡೆ ಇಡಬೇಕಾಗುತ್ತದೆ.

ಇಂಗೋ ಮೊಲ್ನಾರ್ 2006ರಲ್ಲಿ ಬರೆದ ತಪಾಸಣೆಯ ಕಡತ ಟಿಎಸ್‌ಸಿ_ಸಿಂಕ್‌ನಲ್ಲಿ ಸರಿಯಾದ ಮಾದರಿ ಕಾಣಸಿಗುತ್ತದೆ. ಹಿಂದಿನ ಎಣಿಕೆಯ ವೇರಿಯಬಲ್ ಅಲ್ಲಿ ಹೆಡರ್‌ನಲ್ಲಿಲ್ಲ. ಒಂದೇ ಸಿ ಕಡತದಲ್ಲಿ, ಫಂಕ್ಷನ್‌ಗಳ ಹೊರಗೆ ಇದೆ. ಎರಡು ಕೋರ್‌ಗಳು ಒಂದೇ ಬೀಗವನ್ನು ಸರದಿಯಂತೆ ಹಿಡಿದು, ಹಳೆಯದನ್ನು ಓದಿ ಹೊಸದನ್ನು ಬರೆಯುತ್ತವೆ. ಹಳೆಯದೇ ದೊಡ್ಡದೆಂದು ಕಂಡರೆ, ಮತ್ತು ಅದನ್ನು ಸರಿಪಡಿಸಲಾಗದಿದ್ದರೆ, ಟಿಎಸ್‌ಸಿಯನ್ನು ಅಸ್ಥಿರವೆಂದು ಗುರುತಿಸಲಾಗುತ್ತದೆ. ಆಗ ಎಚ್‌ಪಿಇಟಿ ಅಥವಾ 3.579545 ಮೆಗಾಹರ್ಟ್ಸ್‌ನ ಎಸಿಪಿಐ ಟೈಮರ್ ಕಾಲಗಣನೆಯ ಹೊಣೆ ಹೊರುತ್ತದೆ. ಅವನ್ನು ಓದುವುದು ಬಹಳ ನಿಧಾನ. ಪದೇಪದೇ ಸಮಯ ಕೇಳುವ ಡೇಟಾಬೇಸ್‌ಗಳಿಗೆ ಅದರ ಬಿಸಿ ತಟ್ಟದಿರದು.

ತಮ್ಮ ಕೋಡ್‌ನಲ್ಲಿ ಇಂತಹ ಪ್ರತಿಗಳು ಅಡಗಿವೆಯೇ ಎಂದು ತಿಳಿಯಬಯಸುವವರು, ಲಿಂಕ್ ಆದ ಕರ್ನಲ್ ಕಡತದ ಮೇಲೆ ಎನ್‌ಎಂ ಉಪಕರಣವನ್ನು ಓಡಿಸಿ ನೋಡಬಹುದು. ಜಿಸಿಸಿ ಕಂಪೈಲರ್ ಫಂಕ್ಷನ್‌ನೊಳಗಿನ ಸ್ಟ್ಯಾಟಿಕ್ ಹೆಸರಿನ ಕೊನೆಗೆ ಚುಕ್ಕಿ ಮತ್ತು ಅಂಕೆ ಸೇರಿಸುತ್ತದೆ. ಒಂದೇ ಹೆಸರು ಹಾಗೆ ಹಲವು ಸಲ, ಬೇರೆ ಬೇರೆ ವಿಳಾಸಗಳಲ್ಲಿ ಕಂಡುಬಂದರೆ ಹೆಡರ್ ಕಡತವನ್ನು ತೆರೆಯುವುದು ಒಳಿತು.