ಕೆ-ಪಾಪ್ ಲೈವ್ ನೋಡುವ ಆಸೆಯೇ? ಮುಂಬೈನಲ್ಲಿ ಸಿಗುವುದೇನು, ವಿದೇಶಕ್ಕೆ ಹೋಗುವವರು ತಿಳಿದಿರಬೇಕಾದ್ದೇನು?

ಮುಂಬೈ: ಕೊರಿಯನ್ ಪಾಪ್ ಸಂಗೀತಕ್ಕೆ ಭಾರತದಲ್ಲಿ ಅಭಿಮಾನಿಗಳ ಕೊರತೆಯಿಲ್ಲ. ಬಿಟಿಎಸ್, ಬ್ಲ್ಯಾಕ್‌ಪಿಂಕ್ ಹಾಡುಗಳು ಶಾಲಾ ವಾರ್ಷಿಕೋತ್ಸವದ ವೇದಿಕೆಯವರೆಗೂ ತಲುಪಿವೆ. ಆದರೆ ಈ ಎರಡು ತಂಡಗಳ ಪೈಕಿ ಒಂದೂ 2025ರ ಕೊನೆಯವರೆಗೆ ಭಾರತದಲ್ಲಿ ಸ್ವಂತ ಸಂಗೀತ ಕಾರ್ಯಕ್ರಮ ನಡೆಸಿರಲಿಲ್ಲ. ಹಾಗಾಗಿ ನೆಚ್ಚಿನ ತಂಡವನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ಇದ್ದದ್ದು ಎರಡೇ ದಾರಿ. ಮುಂಬೈಗೆ ಬರುವ ಕೊರಿಯನ್ ಕಲಾವಿದರನ್ನು ನೋಡುವುದು, ಇಲ್ಲವೇ ಪಾಸ್‌ಪೋರ್ಟ್ ಹಿಡಿದು ಬ್ಯಾಂಕಾಕ್, ಸಿಂಗಾಪುರ, ಅಬುಧಾಬಿ ಅಥವಾ ಸೋಲ್‌ಗೆ ಹೋಗುವುದು.

ಎರಡಕ್ಕೂ ಖರ್ಚಿದೆ, ಎರಡರಲ್ಲೂ ಮೋಸ ಹೋಗುವ ಅಪಾಯವಿದೆ. ಹೊರಡುವ ಮುನ್ನ ಅಭಿಮಾನಿಗಳು ಮತ್ತು ಅವರ ಹೆತ್ತವರು ತಿಳಿದಿರಬೇಕಾದ ಮುಖ್ಯ ಸಂಗತಿಗಳು ಇಲ್ಲಿವೆ.

ಮುಂಬೈಗೆ ಯಾರೆಲ್ಲ ಬಂದಿದ್ದಾರೆ?

ವಿದೇಶಿ ಪಾಪ್ ಕಾರ್ಯಕ್ರಮಗಳು ಮುಂಬೈಗೆ ಹೊಸದಲ್ಲ. 1996ರ ನವೆಂಬರ್ 1ರಂದು ಮೈಕಲ್ ಜಾಕ್ಸನ್ ಅಂಧೇರಿಯ ಕ್ರೀಡಾ ಸಂಕೀರ್ಣದಲ್ಲಿ ಹಾಡಿದ್ದರು. 2017ರಲ್ಲಿ ಜಸ್ಟಿನ್ ಬೀಬರ್, 2019ರಲ್ಲಿ ಯು2, 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ನವಿ ಮುಂಬೈನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಕಾರ್ಯಕ್ರಮ ನೀಡಿದರು.

ಕೊರಿಯನ್ ಪಾಪ್ ಲೋಕದ ಹೆಸರುಗಳು ಇಲ್ಲಿ ದೊಡ್ಡ ವೇದಿಕೆ ಏರಿದ್ದು ಲೋಲಾಪಲೂಝಾ ಸಂಗೀತ ಉತ್ಸವದಲ್ಲಿ. ಈ ಉತ್ಸವ ಏಷ್ಯಾದಲ್ಲಿ ಮೊದಲ ಬಾರಿಗೆ ನಡೆದದ್ದೇ ಮುಂಬೈನ ಮಹಾಲಕ್ಷ್ಮಿ ರೇಸ್‌ಕೋರ್ಸ್‌ನಲ್ಲಿ, 2023ರ ಜನವರಿ 28 ಮತ್ತು 29ರಂದು. ಅಂದು ಗಾಟ್7 ತಂಡದ ಸದಸ್ಯ, ಹಾಂಗ್‌ಕಾಂಗ್ ಮೂಲದ ಜಾಕ್ಸನ್ ವಾಂಗ್ ಹಾಡಿದರು. 2024ರ ಆವೃತ್ತಿಯಲ್ಲಿ ದಿ ರೋಸ್ ತಂಡ ಮತ್ತು ಕೊರಿಯನ್-ಅಮೆರಿಕನ್ ಗಾಯಕ ಎರಿಕ್ ನಾಮ್ ಬಂದರು. 2025ರಲ್ಲಿ ವೇವ್ ಟು ಅರ್ಥ್ ತಂಡದ ಸರದಿ.

ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಬಂದವರಲ್ಲಿ ಕೆಲವರು ಏಕವ್ಯಕ್ತಿ ಗಾಯಕರು, ಉಳಿದವು ಗಿಟಾರ್, ಡ್ರಮ್ಸ್ ನುಡಿಸುವ ವಾದ್ಯತಂಡಗಳು. ಕೆ-ಪಾಪ್ ಎಂದಾಗ ಕಣ್ಣಮುಂದೆ ಬರುವ, ಏಳೆಂಟು ಮಂದಿ ಒಂದೇ ಹೆಜ್ಜೆಯಲ್ಲಿ ಕುಣಿಯುವ 'ಐಡಲ್' ತಂಡಗಳಲ್ಲ. ಜೊತೆಗೆ ಉತ್ಸವದಲ್ಲಿ ಒಬ್ಬ ಕಲಾವಿದರಿಗೆ ಸಿಗುವುದು ಸುಮಾರು ಒಂದು ಗಂಟೆ ಮಾತ್ರ. ಅದೇ ತಂಡ ತನ್ನ ಸ್ವಂತ ಪ್ರವಾಸದಲ್ಲಿ ಎರಡು ಗಂಟೆಗೂ ಹೆಚ್ಚು ಹೊತ್ತು ಹಾಡುತ್ತದೆ.

ದೊಡ್ಡ ತಂಡಗಳು ಏಕೆ ಬರುತ್ತಿಲ್ಲ?

ಮೊದಲ ಕಾರಣ ಜಾಗ. ಕೆ-ಪಾಪ್ ಪ್ರವಾಸಗಳು ಬಹುಪಾಲು ಒಳಾಂಗಣ ಅರೀನಾಗಳನ್ನು ನಂಬಿವೆ. ಬೆಳಕು, ಎಲ್‌ಇಡಿ ಪರದೆ, ಮೇಲೇರುವ ವೇದಿಕೆ ಎಲ್ಲವೂ ಮೊದಲೇ ಅಳೆದು ಸಿದ್ಧಪಡಿಸಿದವು. ಸಿಂಗಾಪುರ ಇಂಡೋರ್ ಸ್ಟೇಡಿಯಂ, ಬ್ಯಾಂಕಾಕ್‌ನ ಇಂಪ್ಯಾಕ್ಟ್ ಅರೀನಾ, ಅಬುಧಾಬಿಯ ಎತಿಹಾದ್ ಅರೀನಾ ಇವೆಲ್ಲ 10 ಸಾವಿರಕ್ಕೂ ಹೆಚ್ಚು ಜನ ಕೂರಬಹುದಾದ ಸಭಾಂಗಣಗಳು. ಮುಂಬೈನಲ್ಲಿ ವರ್ಲಿಯ ಎನ್‌ಎಸ್‌ಸಿಐ ಡೋಮ್ ಇದೆ, ಆದರೆ ಅದರ ಸಾಮರ್ಥ್ಯ ಇವುಗಳಿಗಿಂತ ಕಡಿಮೆ. ದೊಡ್ಡ ಕಾರ್ಯಕ್ರಮವೆಂದರೆ ಇಲ್ಲಿ ರೇಸ್‌ಕೋರ್ಸ್, ಬಾಂದ್ರಾ-ಕುರ್ಲಾ ಸಂಕೀರ್ಣದ ಎಂಎಂಆರ್‌ಡಿಎ ಮೈದಾನ ಅಥವಾ ಕ್ರಿಕೆಟ್ ಕ್ರೀಡಾಂಗಣವೇ ಗತಿ. ಮಳೆಗಾಲದ ನಾಲ್ಕು ತಿಂಗಳು ಅವೂ ಕೈಗೆ ಸಿಗುವುದಿಲ್ಲ.

ಎರಡನೆಯದು ಸಮಯದ ಮಿತಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವರ್ಷಕ್ಕೆ ಗರಿಷ್ಠ 15 ದಿನ ಮಾತ್ರ, ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬದ ಸಂದರ್ಭಗಳಲ್ಲಿ, ರಾಜ್ಯ ಸರ್ಕಾರ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು.

ಮೂರನೆಯದು ಆದಾಯದ ಲೆಕ್ಕ. ಕೆ-ಪಾಪ್ ಕಂಪನಿಗಳ ಗಳಿಕೆ ಟಿಕೆಟ್‌ನಿಂದ ಮಾತ್ರವಲ್ಲ; ಆಲ್ಬಮ್, ಲೈಟ್‌ಸ್ಟಿಕ್, ಫೋಟೊಕಾರ್ಡ್, ಫ್ಯಾನ್ ಕ್ಲಬ್ ಸದಸ್ಯತ್ವ ಎಲ್ಲವೂ ಸೇರಿವೆ. ಭಾರತದಲ್ಲಿ ಹಾಡು ಕೇಳುವವರು ಬಹಳ, ಆಮದಾದ ಆಲ್ಬಮ್‌ಗೆ ಸಾವಿರಾರು ರೂಪಾಯಿ ಕೊಡುವವರು ಅಷ್ಟಿಲ್ಲ.

ಪರಿಸ್ಥಿತಿ ಬದಲಾಗುವ ಸೂಚನೆಗಳೂ ಇವೆ. ಬಿಟಿಎಸ್‌ನ ಮಾತೃಸಂಸ್ಥೆ ಹೈಬ್ 2025ರಲ್ಲಿ ಮುಂಬೈನಲ್ಲೇ ತನ್ನ ಭಾರತ ಶಾಖೆ ತೆರೆದಿದೆ. ಜಾಕ್ಸನ್ ವಾಂಗ್ ಅದೇ ವರ್ಷ ದಿಲ್ಜಿತ್ ದೋಸಾಂಜ್ ಜೊತೆ ಹಾಡು ಬಿಡುಗಡೆ ಮಾಡಿದರು. ಒಡಿಶಾದ ಶ್ರೇಯಾ ಲೆಂಕಾ 2022ರಲ್ಲಿ ಬ್ಲ್ಯಾಕ್‌ಸ್ವಾನ್ ತಂಡ ಸೇರಿ ಮೊದಲ ಭಾರತೀಯ ಕೆ-ಪಾಪ್ ತಾರೆ ಎನಿಸಿಕೊಂಡರು.

ಕರ್ನಾಟಕದಿಂದ ಮುಂಬೈ ಕಾರ್ಯಕ್ರಮಕ್ಕೆ ಹೋಗುವವರಿಗೆ

ಮಹಾಲಕ್ಷ್ಮಿ ರೇಸ್‌ಕೋರ್ಸ್‌ಗೆ ಪಶ್ಚಿಮ ರೈಲ್ವೆಯ ಮಹಾಲಕ್ಷ್ಮಿ ನಿಲ್ದಾಣ ಹತ್ತಿರ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬರುವವರು ದಾದರ್‌ನಲ್ಲಿ ಇಳಿದು ಚರ್ಚ್‌ಗೇಟ್ ಕಡೆಯ ಸ್ಲೋ ಲೋಕಲ್ ಹಿಡಿದರೆ ಮೂರನೇ ನಿಲ್ದಾಣವೇ ಮಹಾಲಕ್ಷ್ಮಿ. 2025ರ ಅಕ್ಟೋಬರ್‌ನಿಂದ ಭೂಗತ ಮೆಟ್ರೊ-3 ಮಾರ್ಗದ ಮಹಾಲಕ್ಷ್ಮಿ ನಿಲ್ದಾಣವೂ ತೆರೆದಿದೆ. ಇದೇ ಮಾರ್ಗ ವಿಮಾನ ನಿಲ್ದಾಣ ಮತ್ತು ಬಾಂದ್ರಾ-ಕುರ್ಲಾ ಸಂಕೀರ್ಣವನ್ನೂ ಮುಟ್ಟುತ್ತದೆ.

ಡಿ.ವೈ. ಪಾಟೀಲ್ ಕ್ರೀಡಾಂಗಣ ಇರುವುದು ನವಿ ಮುಂಬೈನ ನೆರೂಳ್‌ನಲ್ಲಿ. ಮಂಗಳೂರು, ಉಡುಪಿ ಕಡೆಯಿಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಬರುವವರು ಕುರ್ಲಾವರೆಗೆ ಹೋಗಬೇಕಿಲ್ಲ. ಪನ್ವೇಲ್‌ನಲ್ಲೇ ಇಳಿದು ಹಾರ್ಬರ್ ಮಾರ್ಗದ ಲೋಕಲ್ ಹತ್ತಿದರೆ ನೆರೂಳ್ ತಲುಪಬಹುದು.

ಕಾರ್ಯಕ್ರಮ ರಾತ್ರಿ 10ಕ್ಕೆ ಮುಗಿದರೂ ಸಾವಿರಾರು ಜನ ಒಟ್ಟಿಗೆ ಹೊರಬರುವಾಗ ರಸ್ತೆ ತಲುಪಲು ಸಾಕಷ್ಟು ಹೊತ್ತು ಹಿಡಿಯುತ್ತದೆ. ಆ ವೇಳೆ ಕ್ಯಾಬ್ ದರ ಏರುತ್ತದೆ, ಮೊಬೈಲ್ ನೆಟ್‌ವರ್ಕ್ ಕೈಕೊಡುತ್ತದೆ. ಕೊನೆಯ ಲೋಕಲ್ ಎಷ್ಟು ಗಂಟೆಗೆ ಎಂದು ಮೊದಲೇ ನೋಡಿಕೊಂಡು, ಜೊತೆಗಿರುವವರು ಸೇರುವ ಜಾಗವನ್ನು ಒಳಗೆ ಹೋಗುವ ಮುನ್ನವೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ವಿದೇಶಕ್ಕೆ ಹೋಗುವುದಾದರೆ ಯಾವ ನಗರ?

ಬ್ಲ್ಯಾಕ್‌ಪಿಂಕ್ 2022-23ರ ವಿಶ್ವ ಪ್ರವಾಸದಲ್ಲಿ ಬ್ಯಾಂಕಾಕ್, ಕೌಲಾಲಂಪುರ, ಜಕಾರ್ತಾ, ಸಿಂಗಾಪುರ ಮಾತ್ರವಲ್ಲದೆ ರಿಯಾದ್ ಮತ್ತು ಅಬುಧಾಬಿಗೂ ಹೋಗಿತ್ತು. 2025ರ ಪ್ರವಾಸದಲ್ಲೂ ಬ್ಯಾಂಕಾಕ್, ಜಕಾರ್ತಾ, ಸಿಂಗಾಪುರಗಳಿದ್ದವು. ಬಿಟಿಎಸ್ 2019ರ ಅಕ್ಟೋಬರ್‌ನಲ್ಲಿ ರಿಯಾದ್‌ನಲ್ಲಿ ಹಾಡಿತ್ತು. ಅಂದರೆ ಭಾರತದ ಪೂರ್ವಕ್ಕೂ ಪಶ್ಚಿಮಕ್ಕೂ ಕೆ-ಪಾಪ್ ಬರುತ್ತದೆ.

ಮುಂಬೈನಿಂದ ಅಬುಧಾಬಿಗೆ ನೇರ ವಿಮಾನದಲ್ಲಿ ಸುಮಾರು ಮೂರು ಗಂಟೆ, ಬ್ಯಾಂಕಾಕ್‌ಗೆ ನಾಲ್ಕೂವರೆ, ಸಿಂಗಾಪುರಕ್ಕೆ ಐದೂವರೆ ಗಂಟೆಯ ಪ್ರಯಾಣ. ಗಲ್ಫ್‌ನಲ್ಲಿ ನೆಂಟರಿರುವ ಕರಾವಳಿಯ ಕುಟುಂಬಗಳಿಗೆ ಅಬುಧಾಬಿ, ದುಬೈ ಕಾರ್ಯಕ್ರಮಗಳಲ್ಲಿ ವಸತಿ ಖರ್ಚು ಉಳಿಯುತ್ತದೆ.

ವೀಸಾ ವಿಷಯದಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸವಿದೆ. ಥಾಯ್ಲೆಂಡ್ 2023ರ ನವೆಂಬರ್‌ನಿಂದ, ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯ ಪ್ರವಾಸಿಗರಿಗೆ ವೀಸಾ ವಿನಾಯಿತಿ ಕೊಟ್ಟವು. ಆದರೂ ಥಾಯ್ಲೆಂಡ್‌ಗೆ ಹೋಗುವವರು 2025ರ ಮೇ 1ರಿಂದ ಡಿಜಿಟಲ್ ಆಗಮನ ಪತ್ರವನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಸಿಂಗಾಪುರ ಮತ್ತು ದಕ್ಷಿಣ ಕೊರಿಯಾಗಳಿಗೆ ಮೊದಲೇ ವೀಸಾ ಪಡೆಯಬೇಕು. ದಕ್ಷಿಣ ಕೊರಿಯಾದ ಕಾನ್ಸುಲೇಟ್ ಜನರಲ್ ಕಚೇರಿ ಮುಂಬೈನಲ್ಲೂ ಇದೆ. ವೀಸಾ ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟ್ ಕೊಳ್ಳುವ ಮುನ್ನ ಆಯಾ ದೇಶದ ರಾಯಭಾರ ಕಚೇರಿಯ ಜಾಲತಾಣ ನೋಡುವುದು ಕಡ್ಡಾಯ ಎಂದೇ ತಿಳಿಯಬೇಕು. ಕಾರ್ಯಕ್ರಮದ ಟಿಕೆಟ್ ಇದ್ದ ಮಾತ್ರಕ್ಕೆ ವೀಸಾ ಸಿಗುತ್ತದೆ ಎಂಬ ಖಾತರಿ ಇಲ್ಲ.

ಟಿಕೆಟ್ ಸಿಗುವುದು ಹೇಗೆ?

ಸಾಮಾನ್ಯವಾಗಿ ಮಾರಾಟ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು ಅಧಿಕೃತ ಫ್ಯಾನ್ ಕ್ಲಬ್ ಸದಸ್ಯರಿಗೆ ಮುಂಗಡ ಮಾರಾಟ, ನಂತರ ಸಾರ್ವಜನಿಕರಿಗೆ. ಬಿಟಿಎಸ್ ಸೇರಿದಂತೆ ಹಲವು ತಂಡಗಳ ಸದಸ್ಯತ್ವ ವೀವರ್ಸ್ ಆ್ಯಪ್‌ನಲ್ಲಿ ಸಿಗುತ್ತದೆ. ಸದಸ್ಯತ್ವ ಇದ್ದರಷ್ಟೇ ಸಾಲದು, ಮುಂಗಡ ಮಾರಾಟಕ್ಕೆ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕಾಗುತ್ತದೆ. ಈ ನೋಂದಣಿಗೆ ಕೊನೆಯ ದಿನಾಂಕವಿರುತ್ತದೆ. ಮೊದಲ ಬಾರಿ ಪ್ರಯತ್ನಿಸುವ ಹಲವರು ತಪ್ಪುವುದು ಇಲ್ಲೇ.

ಗಡಿಯಾರವನ್ನೂ ನೋಡಬೇಕು. ಕೊರಿಯಾ ಭಾರತಕ್ಕಿಂತ ಮೂರೂವರೆ ಗಂಟೆ, ಸಿಂಗಾಪುರ ಎರಡೂವರೆ ಗಂಟೆ, ಥಾಯ್ಲೆಂಡ್ ಒಂದೂವರೆ ಗಂಟೆ ಮುಂದಿವೆ. ಸೋಲ್‌ನಲ್ಲಿ ರಾತ್ರಿ 8ಕ್ಕೆ ಮಾರಾಟ ಶುರುವಾದರೆ ಇಲ್ಲಿ ಸಂಜೆ 4.30. ಬ್ಯಾಂಕ್ ಕಾರ್ಡ್‌ನಲ್ಲಿ ಅಂತಾರಾಷ್ಟ್ರೀಯ ಪಾವತಿಯನ್ನು ಮೊದಲೇ ಚಾಲೂ ಮಾಡಿಕೊಂಡಿರಬೇಕು. 2020ರಿಂದ ಹೊಸ ಕಾರ್ಡ್‌ಗಳಲ್ಲಿ ಈ ಸೌಲಭ್ಯ ತಾನಾಗಿ ಇರುವುದಿಲ್ಲ.

ಟಿಕೆಟ್ ಕೊಳ್ಳುವಾಗ ಹೆಸರನ್ನು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಬರೆಯಬೇಕು. ಕೊರಿಯಾದಲ್ಲಿ ವಿದೇಶಿಯರು ಪಾಸ್‌ಪೋರ್ಟ್ ತೋರಿಸಿ ಟಿಕೆಟ್ ಪಡೆಯುವ ಪದ್ಧತಿ ಸಾಮಾನ್ಯ. ಹೆಸರು ಹೊಂದದಿದ್ದರೆ ಬಾಗಿಲಲ್ಲೇ ವಾಪಸ್ ಕಳುಹಿಸಬಹುದು. ಇದೇ ಕಾರಣಕ್ಕೆ ಬೇರೆಯವರ ಹೆಸರಿನ ಟಿಕೆಟ್ ಕೊಳ್ಳುವುದು ಅಪಾಯ.

ಕಾಳಸಂತೆ ಮತ್ತು ನಕಲಿ ಟಿಕೆಟ್

ಕೋಲ್ಡ್‌ಪ್ಲೇ ಪ್ರಕರಣ ಇದಕ್ಕೆ ದೊಡ್ಡ ಪಾಠ. 2024ರ ಸೆಪ್ಟೆಂಬರ್ 22ರಂದು ಮಾರಾಟ ಶುರುವಾದಾಗ ಟಿಕೆಟ್ ಬೆಲೆ 2,500 ರೂ.ಗಳಿಂದ 35,000 ರೂ.ವರೆಗೆ ಇತ್ತು. ಕ್ಷಣಾರ್ಧದಲ್ಲಿ ಖಾಲಿಯಾದ ಟಿಕೆಟ್‌ಗಳು ಮರುಮಾರಾಟದ ತಾಣಗಳಲ್ಲಿ ಲಕ್ಷಾಂತರ ರೂಪಾಯಿಗೆ ಕಾಣಿಸಿಕೊಂಡವು. ಮುಂಬೈ ಪೊಲೀಸರ ಆರ್ಥಿಕ ಅಪರಾಧ ವಿಭಾಗ ವಿಚಾರಣೆ ಕೈಗೊಂಡಿತು. ಜಾರಿ ನಿರ್ದೇಶನಾಲಯ ಅಕ್ಟೋಬರ್‌ನಲ್ಲಿ ಮುಂಬೈ, ದೆಹಲಿ, ಬೆಂಗಳೂರು ಸೇರಿದಂತೆ ಐದು ನಗರಗಳಲ್ಲಿ ಶೋಧ ನಡೆಸಿತು. ಟಿಕೆಟ್ ಕಾಳಸಂತೆ ವಿರುದ್ಧ ಮಾರ್ಗಸೂಚಿ ಕೋರಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು 2025ರ ಜನವರಿಯಲ್ಲಿ ವಜಾಗೊಳಿಸಿದ ಬಾಂಬೆ ಹೈಕೋರ್ಟ್, ಇದು ಶಾಸಕಾಂಗಕ್ಕೆ ಬಿಟ್ಟ ವಿಷಯ ಎಂದಿತು.

ದಕ್ಷಿಣ ಕೊರಿಯಾದಲ್ಲಿ ಹಾಗಲ್ಲ. 2024ರ ಮಾರ್ಚ್‌ನಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ, ಸ್ವಯಂಚಾಲಿತ ತಂತ್ರಾಂಶ ಬಳಸಿ ಕೊಂಡ ಟಿಕೆಟ್‌ಗಳನ್ನು ಮರುಮಾರಾಟ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಕೋಟಿ ವಾನ್‌ವರೆಗೆ ದಂಡ ವಿಧಿಸಬಹುದು.

ಇನ್‌ಸ್ಟಾಗ್ರಾಂ, ಟೆಲಿಗ್ರಾಂಗಳಲ್ಲಿ 'ನನಗೆ ಹೋಗಲಾಗುತ್ತಿಲ್ಲ, ಟಿಕೆಟ್ ಕೊಡುತ್ತೇನೆ' ಎಂದು ಹೇಳಿ ಯುಪಿಐ ಮೂಲಕ ಮುಂಗಡ ಕೇಳುವವರನ್ನು ನಂಬಬಾರದು. ಟಿಕೆಟ್‌ನ ಸ್ಕ್ರೀನ್‌ಶಾಟ್ ಯಾವುದೇ ಪುರಾವೆಯಲ್ಲ. ಅದೇ ಚಿತ್ರವನ್ನು ಹತ್ತು ಜನರಿಗೆ ಕಳುಹಿಸಬಹುದು. ಹಣ ಕಳೆದುಕೊಂಡರೆ ತಡಮಾಡದೆ 1930 ಸೈಬರ್ ಸಹಾಯವಾಣಿಗೆ ಕರೆ ಮಾಡಬೇಕು.

ಖರ್ಚಿನ ಲೆಕ್ಕ ಹಾಕುವುದು ಹೇಗೆ?

ಕಾರ್ಯಕ್ರಮದ ಟಿಕೆಟ್ ಒಟ್ಟು ಖರ್ಚಿನ ಒಂದು ಭಾಗ ಮಾತ್ರ. ವಿಮಾನ, ವಸತಿ, ವೀಸಾ ಶುಲ್ಕ, ಪ್ರಯಾಣ ವಿಮೆ, ಊಟ, ಸ್ಥಳೀಯ ಓಡಾಟ ಸೇರಿದರೆ ಅದು ಟಿಕೆಟ್‌ನ ಹಲವು ಪಟ್ಟು ಆಗುತ್ತದೆ. ಕಾರ್ಯಕ್ರಮದ ದಿನಾಂಕ ಪ್ರಕಟವಾದ ಕೂಡಲೇ ಹತ್ತಿರದ ಹೋಟೆಲ್‌ಗಳ ದರ ಏರುತ್ತದೆ. ಹಾಗಾಗಿ ಉಚಿತವಾಗಿ ರದ್ದುಮಾಡಬಹುದಾದ ಕೋಣೆಯನ್ನು ಮೊದಲು ಕಾದಿರಿಸಿ, ಟಿಕೆಟ್ ಸಿಕ್ಕ ಮೇಲೆ ವಿಮಾನ ಟಿಕೆಟ್ ಕೊಳ್ಳುವುದು ಸುರಕ್ಷಿತ ಕ್ರಮ. ಕಾರ್ಡ್‌ನಲ್ಲಿ ವಿದೇಶಿ ಹಣ ಪಾವತಿಸಿದರೆ ಬ್ಯಾಂಕ್ ಪ್ರತ್ಯೇಕ ಶುಲ್ಕ ಹಾಕಬಹುದು. ಏಜೆನ್ಸಿಯಿಂದ ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡರೆ ಟಿಸಿಎಸ್ ತೆರಿಗೆ ಸೇರುತ್ತದೆ. ಅದನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು.

ಒಳಗಿನ ರೀತಿ-ನೀತಿ

ಕೆ-ಪಾಪ್ ಕಾರ್ಯಕ್ರಮದಲ್ಲಿ ಪ್ರೇಕ್ಷಕರಿಗೂ ಪಾತ್ರವಿದೆ. ಹಾಡಿನ ನಡುವೆ ಸದಸ್ಯರ ಹೆಸರನ್ನು ನಿಗದಿತ ಕ್ರಮದಲ್ಲಿ ಒಟ್ಟಾಗಿ ಕೂಗುವ 'ಫ್ಯಾನ್ ಚಾಂಟ್' ಇರುತ್ತದೆ. ಪ್ರತಿ ತಂಡಕ್ಕೂ ತನ್ನದೇ ಲೈಟ್‌ಸ್ಟಿಕ್ ಇದೆ. ಅದನ್ನು ಮೊಬೈಲ್ ಆ್ಯಪ್‌ನಲ್ಲಿ ಆಸನ ಸಂಖ್ಯೆಯೊಂದಿಗೆ ಜೋಡಿಸಿದರೆ, ಇಡೀ ಸಭಾಂಗಣದ ದೀಪಗಳು ಹಾಡಿಗೆ ತಕ್ಕಂತೆ ಒಟ್ಟಿಗೆ ಬಣ್ಣ ಬದಲಿಸುತ್ತವೆ. ದೊಡ್ಡ ಕ್ಯಾಮೆರಾ ಒಯ್ಯುವಂತಿಲ್ಲ. ಕೊರಿಯಾದ ಹಲವು ಕಾರ್ಯಕ್ರಮಗಳಲ್ಲಿ ಮೊಬೈಲ್ ಚಿತ್ರೀಕರಣಕ್ಕೂ ಅನುಮತಿ ಇರುವುದಿಲ್ಲ. ಪವರ್ ಬ್ಯಾಂಕ್ ಅನ್ನು ವಿಮಾನದ ಚೆಕ್-ಇನ್ ಚೀಲದಲ್ಲಿ ಇಡಬಾರದು, ಕೈಚೀಲದಲ್ಲೇ ಇರಬೇಕು.

ಹೆತ್ತವರು ಗಮನಿಸಬೇಕಾದ್ದು

2024ರ ಜನವರಿಯಲ್ಲಿ ತಮಿಳುನಾಡಿನ ಕರೂರು ಜಿಲ್ಲೆಯ ಮೂವರು ಎಂಟನೇ ತರಗತಿ ಬಾಲಕಿಯರು ಬಿಟಿಎಸ್ ನೋಡಲೆಂದು ಮನೆ ಬಿಟ್ಟಿದ್ದರು. ಕೈಯಲ್ಲಿದ್ದದ್ದು 14,000 ರೂಪಾಯಿ. ವಿಶಾಖಪಟ್ಟಣಕ್ಕೆ ಹೋಗಿ ಹಡಗು ಹಿಡಿಯುವ ಯೋಚನೆ ಅವರದ್ದಾಗಿತ್ತು. ಕಾಟ್ಪಾಡಿ ರೈಲು ನಿಲ್ದಾಣದಲ್ಲಿ ಪತ್ತೆಯಾದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕರ್ನಾಟಕದ ಗಡಿಗೆ ಹತ್ತಿರವಿರುವ ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯ ಉಮರ್ಗಾದಿಂದ 11 ಮತ್ತು 13 ವರ್ಷದ ಮೂವರು ಬಾಲಕಿಯರು, ತಮ್ಮನ್ನು ಅಪಹರಿಸಲಾಗಿದೆ ಎಂದು ಮನೆಗೆ ಸುಳ್ಳು ಕರೆ ಮಾಡಿ ಪುಣೆ ಬಸ್ ಹತ್ತಿದ್ದರು. ಪುಣೆಯಲ್ಲಿ ದುಡಿದು ಕೊರಿಯಾಕ್ಕೆ ಹೋಗುವಷ್ಟು ಹಣ ಕೂಡಿಸುವುದು ಅವರ ಲೆಕ್ಕಾಚಾರ. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಪೊಲೀಸರು ಅವರನ್ನು ರಕ್ಷಿಸಿದರು.

ಎರಡೂ ಪ್ರಕರಣಗಳಲ್ಲಿ ಮಕ್ಕಳಿಗೆ ಪಾಸ್‌ಪೋರ್ಟ್, ವೀಸಾ, ಟಿಕೆಟ್‌ಗಳ ಬಗ್ಗೆ ಸರಿಯಾಗಿ ಹೇಳುವವರು ಯಾರೂ ಇರಲಿಲ್ಲ. 18 ವರ್ಷದೊಳಗಿನವರು ಪಾಸ್‌ಪೋರ್ಟ್ ಪಡೆಯಲು ಹೆತ್ತವರ ಒಪ್ಪಿಗೆ ಬೇಕು. ಹಲವು ಕಾರ್ಯಕ್ರಮಗಳಲ್ಲಿ ನಿಂತು ನೋಡುವ ವಿಭಾಗಕ್ಕೆ ವಯಸ್ಸಿನ ಮಿತಿ ಇರುತ್ತದೆ. ಮನೆಯಲ್ಲಿ ಕೆ-ಪಾಪ್ ಅಭಿಮಾನಿ ಇದ್ದರೆ ಬೈದು ಸುಮ್ಮನಾಗಿಸುವ ಬದಲು, ಈ ಲೆಕ್ಕಗಳನ್ನು ಒಟ್ಟಿಗೆ ಕೂತು ಹಾಕುವುದು ಮೇಲು. ಈ ವರ್ಷ ಸಾಧ್ಯವೇ, ಎರಡು ವರ್ಷದ ನಂತರವೇ, ಅಥವಾ ಮುಂಬೈಗೆ ಬರುವವರೆಗೆ ಕಾಯುವುದೇ ಎಂಬುದು ಆಗ ಮಗುವಿಗೂ ಅರ್ಥವಾಗುತ್ತದೆ. ಮಕ್ಕಳು ಕಾಣೆಯಾದರೆ ಅಥವಾ ಅಪಾಯದಲ್ಲಿದ್ದರೆ 1098 ಮಕ್ಕಳ ಸಹಾಯವಾಣಿ ದಿನದ 24 ಗಂಟೆಯೂ ಲಭ್ಯ.