ಆಟಗಾರನ ಉಂಬಳಿ

“ಹುಡುಗ ಚೆನ್ನಾಗಿ ಆಡುತ್ತಾನೆ, ಸರಿ, ಮುಂದೇನು?” ಕಾಲೇಜು ಮೈದಾನದ ಅಂಚಿನಲ್ಲಿ ನಿಂತು ಹಾಕಿ ನೋಡುವವರ ಮಾತು ಎಲ್ಲಿಂದ ಹೊರಟರೂ ಬಂದು ನಿಲ್ಲುವುದು ಈ ಪ್ರಶ್ನೆಯ ಬಳಿಯಲ್ಲೇ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆ ಹಾಕಿ ಕೋಲು ಹಿಡಿದವರು ಕಡಮೆ. ಕಬಡ್ಡಿ, ಕೊಕ್ಕೊಗಳದೇ ಇಲ್ಲಿ ಕಾರುಬಾರು. ಆದರೂ ನಮ್ಮ ಕಡೆಯ ಹುಡುಗನೊಬ್ಬ ದಾವಣಗೆರೆ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದನೆಂದರೆ ಸಾಕು, ಚಹದಂಗಡಿಯ ಬೆಂಚಿನ ಮೇಲೆ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ಓದು ಹಾಗಿರಲಿ, ಬೆಂಗಳೂರಿಗೆ ಹೋಗಿ ಆಡಲಿ, ಈಗ ಲೀಗ್ ಇದೆ, ಹರಾಜಿನಲ್ಲಿ ಲಕ್ಷಗಟ್ಟಲೆ ಬರುತ್ತದೆ ಎಂಬುದು ಒಂದು ಪಕ್ಷ. ಮೊದಲು ಡಿಗ್ರಿ, ಆಮೇಲೆ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಒಂದು ನೌಕರಿ, ಅದರ ನೆರಳಲ್ಲಿ ಆಟ ಎಂಬುದು ಇನ್ನೊಂದು. ಎರಡನೆಯವರನ್ನು ಹಳೆಯ ಕಾಲದವರೆಂದು ಹುಡುಗರು ನಗುವುದುಂಟು. ಆದರೆ ಆ ಮಾತಿನ ಬೆನ್ನಿಗೆ ನೂರು ವರ್ಷದ ಚರಿತ್ರೆಯೇ ಇದೆ.

ದುರ್ಗದ ಸೀಮೆಯವರಿಗೆ ಉಂಬಳಿ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಪಾಳೆಯಗಾರರ ಕಾಲದಲ್ಲಿ ಕತ್ತಿ ಹಿಡಿದವನ ಮನೆಯ ಒಲೆ ಉರಿಯುತ್ತಿದ್ದುದು ಅವನಿಗೆ ಬಿಟ್ಟುಕೊಟ್ಟ ಹೊಲದಿಂದ. ಇದು ದುರ್ಗಕ್ಕಿಂತ ಬಹಳ ಹಳೆಯ ಪದ್ಧತಿ. ಕ್ರಿ.ಶ. 949–50ರ ಆತಕೂರು ಶಾಸನದಲ್ಲಿ ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಬೂತುಗನು ‘ಬಾಳ್ಗಚ್ಚು’ ಎಂದು ಭೂಮಿಯನ್ನು ಕೊಟ್ಟ ಸಂಗತಿಯಿದೆ. ಬೇಕಾದುದನ್ನು ಬೇಡೆಂದಾಗ ಆ ವೀರ ಕೇಳಿದ್ದು ಮಾತ್ರ ಕಾಳಿಯೆಂಬ ಬೇಟೆನಾಯಿಯನ್ನು! ಅದು ಬೇರೆ ಮಾತು. ಇಲ್ಲಿ ಗಮನಿಸಬೇಕಾದುದಿಷ್ಟೆ: ಹೊಡೆತಕ್ಕೆ ಇಷ್ಟು ಎಂದು ಎಣಿಸಿ ಕೊಡುವ ಕೂಲಿ ಅದಲ್ಲ, ಬಾಳಿಗೊಂದು ನೆಲೆ.

ಭಾರತದ ಹಾಕಿ ಬೆಳೆದುದು ಈ ಉಂಬಳಿಯ ಮೇಲೆಯೇ ಎಂದು ನನ್ನ ಎಣಿಕೆ. ನಾಟಕ ನೋಡುವ ನಮ್ಮ ಜನಕ್ಕೆ ‘ವೃತ್ತಿ’, ‘ಹವ್ಯಾಸಿ’ ಎಂಬ ಮಾತುಗಳ ಅಂತರ ಗೊತ್ತು. ಕಂಪನಿ ಸೇರಿದವನು ವೃತ್ತಿಯವನು, ಕಾಲೇಜಿನಲ್ಲಿ ಬಣ್ಣ ಹಚ್ಚಿದವನು ಹವ್ಯಾಸಿ. ಹಾಕಿಯಲ್ಲಿ ಈ ಗೆರೆ ಅಷ್ಟು ನಿಚ್ಚಳವಾಗಿರಲಿಲ್ಲ. ಹಣಕ್ಕಾಗಿ ಆಡುವವನಿಗೆ ಒಲಿಂಪಿಕ್ಸಿನ ಬಾಗಿಲು ಬಹುಕಾಲ ಮುಚ್ಚಿತ್ತು. ಹಾಗೆಂದು ಆಟಗಾರನಿಗೆ ಹಸಿವಾಗದಿರುತ್ತದೆಯೆ? ಆಟಕ್ಕೆ ಸಂಬಳ ಕೊಡುವಂತಿಲ್ಲ; ಆಟಗಾರನಿಗೆ ಹುದ್ದೆ ಕೊಡಬಹುದು. ಈ ಸಣ್ಣ ಸಂದಿಯಲ್ಲಿ ನಮ್ಮ ಹಾಕಿ ಇಡೀ ಶತಮಾನ ನುಸುಳಿ ಬಂತು.

ಧ್ಯಾನ್‌ಚಂದ್ 1922ರಲ್ಲಿ, ಇನ್ನೂ ಹದಿಹರೆಯದಲ್ಲೇ, ಸಾಮಾನ್ಯ ಸಿಪಾಯಿಯಾಗಿ ಸೈನ್ಯ ಸೇರಿದವರು. 1926ರಲ್ಲಿ ಸೈನ್ಯದ ತಂಡದೊಡನೆ ನ್ಯೂಜಿಲೆಂಡಿಗೆ ಹೋಗಿ ಆಡಿ ಬಂದ ಮೇಲೆ ಲ್ಯಾನ್ಸ್ ನಾಯಕ್ ಎಂಬ ಬಡ್ತಿ. ಮೂರು ಒಲಿಂಪಿಕ್ ಚಿನ್ನಗಳ ತರುವಾಯ 1956ರಲ್ಲಿ ನಿವೃತ್ತರಾದಾಗ ಅವರು ಮೇಜರ್. ತಮ್ಮ ರೂಪ್‌ಸಿಂಗ್‌ಗೆ ಗ್ವಾಲಿಯರ್ ಸಂಸ್ಥಾನದ ಆಶ್ರಯ ದೊರೆಯಿತು.

ಕಾಲೇಜು ಓದಿದ ಆಟಗಾರನ ಕಥೆ ಬೇಕಾದರೆ ಜೈಪಾಲ್‌ಸಿಂಗ್ ಮುಂಡಾ ಅವರದನ್ನು ನೋಡಬೇಕು. ಛೋಟಾನಾಗಪುರದ ಆದಿವಾಸಿ ಹುಡುಗ. ಆಕ್ಸ್‌ಫರ್ಡಿನಲ್ಲಿ ಓದಿ, ಅಲ್ಲಿಯ ಹಾಕಿ ತಂಡದಲ್ಲಿ ಹೆಸರು ಮಾಡಿ, ಐ.ಸಿ.ಎಸ್.ಗೂ ಆಯ್ಕೆಯಾಗಿದ್ದವರು. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿಗೆ ಭಾರತದ ನಾಯಕನಾಗಿ ಹೋಗಲು ರಜೆ ಕೇಳಿದರೆ ಸಿಗಲಿಲ್ಲ. ರಜೆಯಿಲ್ಲದೆಯೇ ಹೋದರು. ಭಾರತ ಮೊದಲ ಚಿನ್ನ ಗೆದ್ದಿತು. ಹಿಂದಿರುಗಿದಾಗ ತರಬೇತಿಯನ್ನು ಇನ್ನೂ ಒಂದು ವರ್ಷ ಮುಂದುವರಿಸಬೇಕೆಂಬ ಆಜ್ಞೆ ಕಾದಿತ್ತು, ಅವರು ಐ.ಸಿ.ಎಸ್. ಅನ್ನೇ ಬಿಟ್ಟರು. ಮುಂದೆ ಸಂವಿಧಾನ ಸಭೆಯಲ್ಲಿ ಆದಿವಾಸಿಗಳ ದನಿಯಾದುದನ್ನು ಎಲ್ಲರೂ ಬಲ್ಲರು. ಆಟಕ್ಕಾಗಿ ಅಂಥ ಹುದ್ದೆಯನ್ನು ತೊರೆದ ಇನ್ನೊಬ್ಬನನ್ನು ಹುಡುಕಿ ತೋರಿಸುವುದು ಕಷ್ಟ. ಆದರೆ ಆಕ್ಸ್‌ಫರ್ಡಿನ ಪದವಿ ಕೈಯಲ್ಲಿದ್ದವನು ಹಾಗೆ ಎದ್ದುಬರಬಲ್ಲ. ಮಳೆ ನೆಚ್ಚಿ ಶೇಂಗಾ ಬಿತ್ತುವ ಮನೆಯ ಹುಡುಗನಿಗೆ ಈ ಉದಾಹರಣೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ಕನ್ನಡ ನಾಡಿನ ಹಾಕಿಯೆಂದರೆ ಮುಕ್ಕಾಲು ಪಾಲು ಕೊಡಗು, ಉಳಿದುದು ಬೆಂಗಳೂರು ದಂಡು. ಎರಡಕ್ಕೂ ಸೈನ್ಯವೇ ಬೇರು. ಎಂ. ಪಿ. ಗಣೇಶ್ ಸೈನ್ಯ ಸೇರಿ ಸರ್ವೀಸಸ್ ಪರವಾಗಿ ಆಡುತ್ತಲೇ ಭಾರತ ತಂಡಕ್ಕೆ ಬಂದವರು. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು, 1973ರ ವಿಶ್ವಕಪ್ಪಿನಲ್ಲಿ ನಾಯಕರಾಗಿ ಬೆಳ್ಳಿ. 1975ರಲ್ಲಿ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ವಿಶ್ವಕಪ್ ಗೆದ್ದ ತಂಡದಲ್ಲಿ ಸೋಮವಾರಪೇಟೆಯ ಬಿ. ಪಿ. ಗೋವಿಂದ ಇದ್ದರು. ಎಂ. ಎಂ. ಸೋಮಯ್ಯ 1980, 1984, 1988ರ ಮೂರು ಒಲಿಂಪಿಕ್ಸ್ ಆಡಿದರು, ಮಾಸ್ಕೋದಲ್ಲಿ ಚಿನ್ನ ಗೆದ್ದರು, ಸೋಲ್‌ನಲ್ಲಿ ನಾಯಕರಾದರು. ಅವರ ನೌಕರಿ ಭಾರತ್ ಪೆಟ್ರೋಲಿಯಂನಲ್ಲಿ. ಆ ವೇಳೆಗೆ ಸೈನ್ಯದ ಜಾಗಕ್ಕೆ ರೈಲ್ವೆ, ಇಂಡಿಯನ್ ಏರ್‌ಲೈನ್ಸ್, ಬ್ಯಾಂಕು, ಎಣ್ಣೆ ಕಂಪನಿಗಳು ಬಂದಿದ್ದವು. ಉಂಬಳಿ ಕೊಡುವ ದೊರೆ ಬದಲಾದ, ಉಂಬಳಿ ಬದಲಾಗಲಿಲ್ಲ. ನಮ್ಮ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿಯವರ ಆಶ್ರಮದಲ್ಲಿ ಪಳಗಿ ಊರೂರಿನ ಶಾಲೆಗಳಿಗೆ ವ್ಯಾಯಾಮದ ಮೇಷ್ಟರಾಗಿ ಹೋದವರದೂ ಇದೇ ಜಾತಿಯ ಉಂಬಳಿಯೇ, ಸ್ವಲ್ಪ ಚಿಕ್ಕದು.

ಉಂಬಳಿಗೆ ದೋಷಗಳಿರಲಿಲ್ಲವೆಂದಲ್ಲ. ಅದು ಸಿಕ್ಕುತ್ತಿದ್ದುದು ಮೇಲಿನ ಮೆಟ್ಟಿಲು ಮುಟ್ಟಿದವನಿಗೆ. ಒಂದು ಮೆಟ್ಟಿಲು ಕೆಳಗೆ ಉಳಿದವನು ಬರಿಗೈಯಲ್ಲಿ ಊರಿಗೆ ಬರುತ್ತಿದ್ದ. 1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್ ಕೃತಕ ಹಾಸಿನ ಮೇಲೆ ನಡೆದು, ಹಿಂದಿನ ವರ್ಷವಷ್ಟೇ ವಿಶ್ವವನ್ನು ಗೆದ್ದಿದ್ದ ಭಾರತ ಏಳನೆಯ ಸ್ಥಾನಕ್ಕೆ ಕುಸಿದ ಮೇಲಂತೂ ಆ ಮೆಟ್ಟಿಲು ಇನ್ನಷ್ಟು ಎತ್ತರವಾಯಿತು. ಕೆಮ್ಮಣ್ಣಿನ ಮೇಲೆ ಚೆಂಡು ಪುಟಿಯುವ ರೀತಿಯೇ ಬೇರೆ, ನೀರು ಚಿಮುಕಿಸಿದ ಹಾಸಿನ ಮೇಲೆ ಅದು ಜಾರುವ ವೇಗವೇ ಬೇರೆ. ಮಣ್ಣಿನಲ್ಲಿ ಕಲಿತ ಕೈ ಹಾಸಿಗೆ ಒಗ್ಗಬೇಕಾದರೆ ವರ್ಷಗಳು ಬೇಕು. ನಮ್ಮ ಕಡೆಯ ಹುಡುಗ ಬೆಂಗಳೂರಿಗೆ ಹೋಗಬೇಕೆನ್ನುವವರ ವಾದದಲ್ಲಿ ಹುರುಳಿರುವುದು ಇಲ್ಲಿ.

ಇನ್ನು ಹೊಸ ದಾರಿ. 2005ರಲ್ಲಿ ಪ್ರೀಮಿಯರ್ ಹಾಕಿ ಲೀಗ್ ಶುರುವಾಯಿತು, 2008ಕ್ಕೆ ಮುಗಿಯಿತು. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಬಂತು. ಅದರಲ್ಲಿ ಕರ್ನಾಟಕ ಲಯನ್ಸ್ ಎಂಬ ತಂಡವೂ ಇತ್ತು. ಆದರೆ ಎರಡು ಸಂಸ್ಥೆಗಳ ಜಗಳದಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮನ್ನಣೆಯಿಲ್ಲದೆ, ಒಂದೇ ವರ್ಷ ನಡೆದು ನಿಂತಿತು. 2013ರಲ್ಲಿ ಹಾಕಿ ಇಂಡಿಯಾ ಲೀಗ್. ಅದರ ಮೊದಲ ಹರಾಜಿನಲ್ಲಿ ಕೊಡಗಿನ ವಿ. ಆರ್. ರಘುನಾಥ್ ಅವರನ್ನು ಉತ್ತರಪ್ರದೇಶದ ತಂಡ 76,000 ಡಾಲರಿಗೆ ಕೊಂಡಿತು. ಆಟಕ್ಕೆ ಬೆಲೆ ಕಟ್ಟುವುದು ಬಹಿರಂಗವಾಯಿತು, ಇದು ಒಳ್ಳೆಯದೇ. ಹುದ್ದೆಯ ಸೋಗು ಹಾಕದೆ ಆಟಗಾರನನ್ನು ಆಟಗಾರನೆಂದೇ ಕರೆದು ಹಣ ಕೊಟ್ಟದ್ದು ಆಗಲೇ. ಆದರೆ 2017ರ ನಂತರ ಆ ಲೀಗೂ ನಿಂತಿತು. ಮತ್ತೆ ಆರಂಭವಾದುದು 2024ರ ಡಿಸೆಂಬರ್ 28ರಂದು. ನಡುವೆ ಏಳು ವರ್ಷ. 2017ರಲ್ಲಿ ಹತ್ತೊಂಬತ್ತರ ಕಾಲೇಜು ಹುಡುಗನಾಗಿದ್ದವನು ಆ ಹೊತ್ತಿಗೆ ಇಪ್ಪತ್ತಾರು ದಾಟಿದ್ದ. ಹಾಕಿಯಲ್ಲಿ ಕಾಲಿಗೆ ಕಸುವಿರುವುದೇ ಆ ಏಳು ವರ್ಷ. ಲೀಗನ್ನೇ ನೆಚ್ಚಿ ಓದು ಬಿಟ್ಟವನಿದ್ದರೆ ಅವನ ಗತಿಯನ್ನು ಊಹಿಸಿಕೊಳ್ಳಬಹುದು. ಉಂಬಳಿಯ ಹೊಲಕ್ಕೆ ಬರ ಬರಬಹುದು, ಹೊಲವೇ ಮಾಯವಾಗುತ್ತಿರಲಿಲ್ಲ.

2024ರ ಹರಾಜಿನಲ್ಲಿ ಹರ್ಮನ್‌ಪ್ರೀತ್‌ಸಿಂಗ್ ಅವರಿಗೆ 78 ಲಕ್ಷ ರೂಪಾಯಿ ದೊರೆಯಿತು. ಪತ್ರಿಕೆಗಳು ಅದನ್ನೇ ದಪ್ಪಕ್ಷರದಲ್ಲಿ ಹಾಕಿದವು. ಆಟಗಾರರಿಗೆ ಗೊತ್ತುಮಾಡಿದ ಮೂಲಬೆಲೆ 10, 5 ಮತ್ತು 2 ಲಕ್ಷ. ಗಂಡಸರ ಎಂಟು ತಂಡಗಳಲ್ಲಿ ಕರ್ನಾಟಕದ ಹೆಸರಿನದು ಒಂದೂ ಇರಲಿಲ್ಲ. ಕಾಲೇಜಿನಿಂದ ನೇರವಾಗಿ ಹೋಗುವ ಹುಡುಗನಿಗೆ, ಯಾರಾದರೂ ಕೊಂಡರೆ, 2 ಲಕ್ಷದ ಸಾಲಿನಲ್ಲಿ ಜಾಗ. ಆ ಸಲದ ಪಂದ್ಯಗಳು ಫೆಬ್ರುವರಿ 1ಕ್ಕೆ ಮುಗಿದವು. ಉಳಿದ ಹನ್ನೊಂದು ತಿಂಗಳು ಹುಡುಗ ಏನು ಮಾಡಬೇಕೆಂದು ಚಹದಂಗಡಿಯ ಎರಡನೆಯ ಪಕ್ಷದವರು ಕೇಳುತ್ತಾರೆ. ಮೊದಲನೆಯ ಪಕ್ಷದವರು ಇನ್ನೊಂದು ಲೋಟ ಚಹ ಹೇಳುತ್ತಾರೆ.